ಪ್ಲಾಸ್ಟಿಕ್ಕಿನ ಮೇಲಿನ ಭರವಸೆ

ಪ್ಲಾಸ್ಟಿಕ್ ಹೊದೆಸಿಟ್ಟರೆ ಕಾಗದವು ಚಿರಕಾಲ ಬಾಳುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅಂಕಪಟ್ಟಿ ಕೈಗೆ ಬಂದ ಮರುದಿನವೇ ಲ್ಯಾಮಿನೇಷನ್ ಅಂಗಡಿಗೆ ಓಡುವವರು ನಾವು. ತೋಡಿನ ಬದಿಗೆಸೆದ ತೊಟ್ಟೆ ಹತ್ತು ಮಳೆಗಾಲ ಕಳೆದರೂ ಕರಗದಿರುವಾಗ, ಪೆಟ್ಟಿಗೆಯೊಳಗಿಟ್ಟದ್ದು ಕೆಡುವುದುಂಟೇ ಎಂದು ಕೇಳುವವರಿದ್ದಾರೆ. ಕರಗದಿದ್ದರೂ ಅದು ಕೆಡುತ್ತದೆ, ಜೊತೆಗಿದ್ದುದನ್ನೂ ಕೆಡಿಸುತ್ತದೆ.

ಪತ್ರಾಗಾರ, ವಸ್ತುಸಂಗ್ರಹಾಲಯಗಳವರು ಇದನ್ನು ಪೆಟ್ಟು ತಿಂದೇ ಕಲಿತರು. 1930ರ ದಶಕದಲ್ಲಿ ಅಮೆರಿಕದ ವಿಲಿಯಂ ಬ್ಯಾರೋ ಎಂಬವರು ಜೀರ್ಣವಾದ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ನಡುವೆ ಇಟ್ಟು, ಬಿಸಿ ಮಾಡಿ ಒತ್ತುವ ಕ್ರಮವನ್ನು ಬಳಕೆಗೆ ತಂದರು. ನಮ್ಮ ದೆಹಲಿಯ ರಾಷ್ಟ್ರೀಯ ಪತ್ರಾಗಾರದವರು ಯಂತ್ರದ ಹಂಗೇ ಬೇಡವೆಂದು ಅಸಿಟೋನ್ ಹಚ್ಚಿ ಕೈಯಿಂದಲೇ ಅಂಟಿಸುವ ಉಪಾಯ ಕಂಡುಹಿಡಿದರು. ಆ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಕಾಲ ಕಳೆದಂತೆ ಈ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ವಿನೆಗರಿನ ಹುಳಿ ಎಂದರೂ ಇದೇ. ಸೆಕೆ, ತೇವ ಹೆಚ್ಚಿದಷ್ಟೂ ಈ ಕ್ರಿಯೆಗೆ ವೇಗ. ನಮ್ಮ ಕರಾವಳಿಯಲ್ಲಿ ಎರಡಕ್ಕೂ ಬರವಿಲ್ಲ! ಹೊರಬಿದ್ದ ಆಮ್ಲವು ಉಳಿದುದನ್ನೂ ಒಡೆಯುತ್ತ ಹೋಗುತ್ತದೆ. ಅಂದು ಅಂಟಿಸಿದ್ದನ್ನು ಇಂದು ಬಿಡಿಸುವುದೇ ತಜ್ಞರಿಗೆ ದೊಡ್ಡ ಕೆಲಸವಾಗಿದೆ.

ಪಿ.ವಿ.ಸಿ.ಯ ಗುಣ ಇನ್ನೊಂದು. ಅದು ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂತಹ ಪದಾರ್ಥ ಮೆಲ್ಲನೆ ಹೊರಗೆ ಒಸರುತ್ತದೆ. ಹಳೆಯ ಫೈಲುಗಳು ಜಿಗುಟಾಗಿ, ಜೆರಾಕ್ಸ್ ಅಕ್ಷರಗಳು ಹಾಳೆ ಬಿಟ್ಟು ಕವರಿಗೆ ಅಂಟಿಕೊಂಡಿರುವುದನ್ನು ಮನೆಯಲ್ಲೇ ಕಾಣಬಹುದು.

ಸಂಶಯ ಬಂದರೆ ಪರೀಕ್ಷಿಸುವ ದಾರಿಯೂ ಇದೆ. 1973ರಲ್ಲಿ ಬ್ರಿಟಿಷ್ ಮ್ಯೂಸಿಯಮಿನ ಆ್ಯಂಡ್ರ್ಯೂ ಆಡಿ ಸೂಚಿಸಿದ ವಿಧಾನ ಬಹಳ ಸರಳ. ಪರೀಕ್ಷಿಸಬೇಕಾದ ವಸ್ತುವನ್ನು ಬೆಳ್ಳಿ, ತಾಮ್ರ, ಸೀಸದ ತುಂಡುಗಳೊಡನೆ ತುಸು ನೀರಿಟ್ಟು ಗಾಜಿನ ಪಾತ್ರೆಯಲ್ಲಿ ಭದ್ರವಾಗಿ ಮುಚ್ಚಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಡುವುದು. ಲೋಹಕ್ಕೆ ಕಿಲುಬು ಹಿಡಿದರೆ ಆ ವಸ್ತು ಸಂಗ್ರಹಾಲಯಕ್ಕೆ ಸಲ್ಲದು.

ಎಲ್ಲ ಪ್ಲಾಸ್ಟಿಕ್ಕನ್ನೂ ನಾವು ದೂರುತ್ತಿಲ್ಲ. ಒಳ್ಳೆಯ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಲಕೋಟೆಗಳನ್ನು ಸಂಗ್ರಹಾಲಯದವರೇ ಬಳಸುತ್ತಾರೆ. ಆದರೆ ಅವರು ಅಂಟಿಸುವುದಿಲ್ಲ. ಬೇಕೆಂದಾಗ ಹೊರತೆಗೆಯುವಂತೆ ಒಳಗಿಡುತ್ತಾರೆ. ಲ್ಯಾಮಿನೇಷನ್ ಮಾಡಿದ ಕಾಗದವನ್ನು ಹಾಗೆ ತೆಗೆಯಲಾದೀತೇ?

ಗಡಿಯ ಈಚೆಗಿರುವ ನಮಗೆ ಈ ಪ್ರಶ್ನೆ ಸಣ್ಣದಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವ ಮುಂಚಿನ ಕನ್ನಡ ದಸ್ತಾವೇಜುಗಳು, ಅಜ್ಜಂದಿರು ಕೈಯಾರೆ ಬರೆದಿಟ್ಟ ಯಕ್ಷಗಾನ ಪ್ರಸಂಗಗಳು ಇನ್ನೂ ಅನೇಕ ಮನೆಗಳ ಅಟ್ಟದಲ್ಲಿವೆ. ಅವನ್ನು ಲ್ಯಾಮಿನೇಷನ್ ಅಂಗಡಿಗೆ ಒಯ್ಯಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಜಿಗುಟು ಕವರಿನಿಂದ ಮೆಲ್ಲನೆ ಬಿಡಿಸಿ, ಒಗೆದು ಚೆನ್ನಾಗಿ ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಟ್ಟರಾಯಿತು. ತಾಳೆಗರಿಗಳನ್ನು ನಮ್ಮ ಹಿರಿಯರು ಇಡುತ್ತಿದ್ದುದೂ ಬಟ್ಟೆಯಲ್ಲೇ.