ಸ್ಕ್ರೂ ಬಿಗಿಯಾಗಿತ್ತು, ಗುರಿ ತಪ್ಪುತ್ತಿತ್ತು

ವಿಶ್ವವಿದ್ಯಾಲಯದ ಶೂಟಿಂಗ್ ತಂಡ ನನ್ನ ಕೈತಪ್ಪಿದ್ದು ಬರೀ 1.4 ಅಂಕದಿಂದ. 10 ಮೀಟರ್ ಏರ್ ರೈಫಲ್‌ನಲ್ಲಿ 60 ಗುಂಡು ಹೊಡೆಯಬೇಕು, ಸಮಯ 75 ನಿಮಿಷ. ಮೊದಲ 30 ಗುಂಡು ಚೆನ್ನಾಗಿಯೇ ಹೋದವು. ರೈಫಲನ್ನು ಸ್ಟ್ಯಾಂಡ್ ಮೇಲಿಟ್ಟು, ನೀರು ಕುಡಿದು, ಮತ್ತೆ ಎತ್ತಿಕೊಂಡೆ. ಅಲ್ಲಿಂದ ಗುಂಡುಗಳು ಎಡಕ್ಕೆ ಸರಿಯತೊಡಗಿದವು. ನನ್ನ ಉಸಿರಾಟವೇ ತಪ್ಪುತ್ತಿದೆ ಎಂದುಕೊಂಡು ಸೈಟ್ ತಿರುಗಿಸಲು ಹೋಗಲಿಲ್ಲ. ತಿರುಗಿಸುವಷ್ಟರಲ್ಲಿ ತಡವಾಗಿತ್ತು.

'ಮನಸ್ಸು ಎಲ್ಲೋ ಇದೆ, ಟೆನ್ಶನ್ ಬಿಡಮ್ಮಾ' ಎಂದರು ಕೋಚ್. ಗೆಳತಿಯರೂ ಅದನ್ನೇ ಹೇಳಿದರು. ನಾನೂ ನಂಬಿದೆ. ಮೂರು ವಾರ ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಿದೆ, ಮೊಬೈಲ್ ದೂರ ಇಟ್ಟೆ. ಗುಂಡು ಮಾತ್ರ ಎಡಕ್ಕೇ ಹೋಗುತ್ತಿತ್ತು.

ನನ್ನದು ಕ್ಲಬ್ಬಿನ ಹಳೆಯ ರೈಫಲ್. ನನ್ನ ಕತ್ತು ಉದ್ದ. ಕೆನ್ನೆ ತಾಗಿಸಿ ಗುರಿ ನೋಡಲು ತಲೆಯನ್ನು ತುಂಬ ಬಗ್ಗಿಸಬೇಕಿತ್ತು. ಅದಕ್ಕಾಗಿ ಸೈಟನ್ನು ಎತ್ತರಿಸುವ ರೈಸರ್ ಎಂಬ ಬಿಡಿಭಾಗವನ್ನು ಬೇರೆ ಕಡೆಯಿಂದ ತರಿಸಿಕೊಂಡು, ಹಿಂದೊಂದು ಮುಂದೊಂದು ಹಾಕಿಸಿದ್ದೆ. ನಿಯಮದ ಮಿತಿಯೊಳಗೆ ಇದಕ್ಕೆ ಅವಕಾಶವಿದೆ. ಟ್ಯೂಷನ್ ಹೇಳಿ ಕೂಡಿಟ್ಟ ಹಣ ಅದು. ಹಾಗಾಗಿ ಅದರ ಮೇಲೆ ಅನುಮಾನ ಪಡಲು ಮನಸ್ಸೇ ಬರಲಿಲ್ಲ.

ಕೊನೆಗೆ ಒಂದು ಭಾನುವಾರ ಹಟ ಹಿಡಿದು ಕೂತೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ತೀರ್ಮಾನಿಸಿದೆ. ಮೊದಲು ಪೆಲೆಟ್ ಡಬ್ಬಿ ಬದಲಿಸಿದೆ. ವ್ಯತ್ಯಾಸವಿಲ್ಲ. ಸಿಲಿಂಡರ್‌ನ ಗಾಳಿಯ ಒತ್ತಡ ನೋಡಿದೆ, ಸರಿಯಿತ್ತು. ಆಮೇಲೆ ನನ್ನ ಕೈಯನ್ನೇ ಲೆಕ್ಕದಿಂದ ಹೊರಗಿಡಲು ರೈಫಲನ್ನು ಮೇಜಿನ ಮೇಲೆ ಮರಳಿನ ಚೀಲಗಳ ನಡುವೆ ಇಟ್ಟು ಐದು ಗುಂಡು ಹೊಡೆದೆ. ಐದೂ ಒಂದೇ ಕಡೆ ಬಿದ್ದವು. ರೈಫಲನ್ನು ಪೆಟ್ಟಿಗೆಯಲ್ಲಿಟ್ಟು, ರೇಂಜ್ ಒಂದು ಸುತ್ತು ಹೊತ್ತುಕೊಂಡು ಬಂದು, ಮತ್ತೆ ಐದು ಹೊಡೆದೆ. ಆ ಐದೂ ಒಂದೇ ಕಡೆ ಬಿದ್ದವು, ಆದರೆ ಸುಮಾರು ಮೂರು ಮಿಲಿಮೀಟರ್ ಎಡಕ್ಕೆ!

ಅಲ್ಲೇ ಉತ್ತರ ಸಿಕ್ಕಿತು. ಕೈ ನಡುಗಿದರೆ, ಪೆಲೆಟ್ ಕೆಟ್ಟದ್ದಾಗಿದ್ದರೆ ಗುಂಡುಗಳು ಚದುರುತ್ತವೆ. ಇಡೀ ಗುಂಪು ಒಟ್ಟಾಗಿಯೇ ಜಾಗ ಬದಲಿಸಿದರೆ, ಅಲುಗಿದ್ದು ಸೈಟ್ ಎಂದು ಅರ್ಥ. ರೈಸರ್ ಮತ್ತು ರೈಫಲ್ ಸೇರುವಲ್ಲಿ ಬಿಳಿ ಬಣ್ಣದ ಸಣ್ಣ ಗೆರೆ ಎಳೆದು ಮತ್ತೆ ಪರೀಕ್ಷಿಸಿದೆ. ಗೆರೆ ಕೂದಲೆಳೆಯಷ್ಟು ಮುರಿದಿತ್ತು.

ಸ್ಕ್ರೂ ಮಾತ್ರ ಬಿಗಿಯಾಗಿಯೇ ಇತ್ತು! ಅಲೆನ್ ಕೀ ಹಾಕಿ ತಿರುಗಿಸಿದರೆ ಒಂದಿಷ್ಟೂ ಮುಂದೆ ಹೋಗುತ್ತಿರಲಿಲ್ಲ. ಅದನ್ನು ಪೂರ್ತಿ ಬಿಚ್ಚಿ, ಪರಿಚಯದ ಲೇತ್ ಅಂಗಡಿಯವರಿಗೆ ತೋರಿಸಿದೆ. ಅವರು ರೈಫಲ್ ಮುಟ್ಟಿದವರಲ್ಲ. ಬಿಡಿಭಾಗವನ್ನು ಎರಡು ಸಲ ತಿರುಗಿಸಿ ನೋಡಿ, 'ಸ್ಕ್ರೂ ಉದ್ದ ಜಾಸ್ತಿ ಆಗಿದೆ ಕಣಮ್ಮಾ. ತುದಿ ಹೋಗಿ ತೂತಿನ ತಳಕ್ಕೆ ಕೂತಿದೆ. ನಿನ್ನ ಕೈಗೆ ಬಿಗಿ ಅನ್ನಿಸುತ್ತೆ, ಹಿಡಿಕೆ ಮಾತ್ರ ಹಿಡಿದೇ ಇಲ್ಲ' ಎಂದರು. ತುದಿಯನ್ನು ಒಂದು ಮಿಲಿಮೀಟರ್ ಉಜ್ಜಿ ಕೊಟ್ಟರು. ನಾನು ಎಣ್ಣೆ ಒರೆಸಿ ಜೋಡಿಸಿದೆ. ಬಿಳಿ ಗೆರೆ ಮತ್ತೆ ಮುರಿಯಲಿಲ್ಲ, ಗುಂಡೂ ಎಡಕ್ಕೆ ಸರಿಯಲಿಲ್ಲ.

ಇಷ್ಟು ಸಣ್ಣದಕ್ಕೆ ಇಷ್ಟೊಂದು ಅಂಕವೇ ಎನ್ನಬಹುದು. ಲೆಕ್ಕ ಹಾಕಿ ನೋಡಿ. ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವೆ ಸುಮಾರು 75 ಸೆಂಟಿಮೀಟರ್ ಅಂತರ, ಗುರಿ 10 ಮೀಟರ್ ದೂರ. ಹಿಂದಿನ ಸೈಟ್ 0.2 ಮಿ.ಮೀ. ಸರಿದರೆ ಗುಂಡು ಸುಮಾರು 2.7 ಮಿ.ಮೀ. ಸರಿಯುತ್ತದೆ. ಈ ಸ್ಪರ್ಧೆಯಲ್ಲಿ ಒಂದು ವೃತ್ತದಿಂದ ಮುಂದಿನ ವೃತ್ತಕ್ಕೆ ಇರುವುದು 2.5 ಮಿ.ಮೀ. ಅಂದರೆ ಗುಂಡೊಂದಕ್ಕೆ ಒಂದು ಅಂಕ ಹೋದಂತೆ. ಮಧ್ಯದ ಹತ್ತರ ಚುಕ್ಕೆಯ ಅಗಲವೇ 0.5 ಮಿ.ಮೀ.

ನನ್ನ ಕಥೆ ಸಣ್ಣದು. ಆದರೆ ದೊಡ್ಡವರಿಗೂ ಇದು ತಪ್ಪಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ಅದರ ದುರಸ್ತಿಯಲ್ಲೇ ಅಮೂಲ್ಯ ನಿಮಿಷಗಳು ಕಳೆದವು. 575 ಅಂಕ ಗಳಿಸಿ 12ನೇ ಸ್ಥಾನ ಪಡೆದರು, ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಅದೇ ಮನು 2024ರ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. 2008ರ ಬೀಜಿಂಗ್ ಫೈನಲ್‌ಗೆ ಮುನ್ನ ತಮ್ಮ ಸೈಟ್ ಬದಲಾಗಿತ್ತೆಂದು ಅಭಿನವ್ ಬಿಂದ್ರಾ ಅವರೇ ಹೇಳಿಕೊಂಡಿದ್ದಾರೆ. ಅಭ್ಯಾಸದ ಗುಂಡುಗಳಲ್ಲೇ ಅದನ್ನು ಗುರುತಿಸಿ ಸರಿಪಡಿಸಿಕೊಂಡದ್ದರಿಂದ ಚಿನ್ನ ಬಂತು.

ಪ್ಯಾರಿಸ್‌ನಲ್ಲಿ ಭಾರತ ಗೆದ್ದ ಆರು ಪದಕಗಳಲ್ಲಿ ಮೂರು ಶೂಟಿಂಗ್‌ನವು. ಆ ಬಳಿಕ ನಮ್ಮ ರೇಂಜ್‌ಗೂ ಹೊಸ ಮುಖಗಳು ಬಂದವು. 2036ರ ಒಲಿಂಪಿಕ್ಸ್ ಆತಿಥ್ಯಕ್ಕೆ ಆಸಕ್ತಿ ತೋರಿ ದೇಶ ಪತ್ರವನ್ನೂ ಬರೆದಿದೆ. ಚರ್ಚೆಯೆಲ್ಲ ಮಾನಸಿಕ ಸ್ಥೈರ್ಯ, ಹಣ, ವಿದೇಶಿ ಕೋಚ್‌ಗಳ ಸುತ್ತ. ಉಪಕರಣ ನೋಡಿಕೊಳ್ಳುವವರ ಮಾತೇ ಇಲ್ಲ. ಈ ಮಟ್ಟದ ರೈಫಲ್‌ಗಳು ಹೆಚ್ಚಾಗಿ ಜರ್ಮನಿ, ಆಸ್ಟ್ರಿಯಾದಿಂದ ಬರುತ್ತವೆ, ಹೊಸದಕ್ಕೆ ಲಕ್ಷಗಟ್ಟಲೆ ಬೆಲೆ. ವಿಶ್ವಕಪ್‌ಗಳಲ್ಲಿ ತಯಾರಕರೇ ತಂತ್ರಜ್ಞರನ್ನು ಕೂರಿಸಿ ದುರಸ್ತಿ ಮಾಡಿಕೊಡುತ್ತಾರೆ. ಜಿಲ್ಲಾ ಮಟ್ಟದ ಹುಡುಗ ಹುಡುಗಿಯರಿಗೆ ಆ ಮೇಜು ಎಲ್ಲಿದೆ? ಸ್ವಂತ ರೈಫಲ್ ಇಲ್ಲದವರು ಹಳೆಯ ರೈಫಲ್‌ಗೆ ಬಿಡಿಭಾಗ ಸೇರಿಸಿಕೊಂಡೇ ಆಡುವವರು. ಹೆಚ್ಚು ತೊಂದರೆ ಬರುವುದೂ ಅವರಿಗೇ.

ಇದರಲ್ಲಿ ಉದ್ಯೋಗದ ಪ್ರಶ್ನೆಯೂ ಇದೆ. ಕ್ರೀಡಾ ಕೋಟಾ ನಂಬಿದವರಿಗೆ ಒಂದೊಂದು ಅಂಕವೂ ಮುಖ್ಯ. ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಇನ್ನೊಂದು ದಾರಿಯೂ ಇದೆ. ಐಟಿಐನಲ್ಲಿ ಫಿಟ್ಟರ್, ಟರ್ನರ್ ಕಲಿತವರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ರೇಂಜ್‌ಗಳಲ್ಲಿ ನೇಮಿಸಿದರೆ ಆಟಗಾರರಿಗೂ ಅನುಕೂಲ, ಅವರಿಗೂ ಕೆಲಸ. ರೇಂಜ್ ಕಟ್ಟುವ ಖರ್ಚಿನ ಮುಂದೆ ಒಬ್ಬ ತಂತ್ರಜ್ಞರ ಸಂಬಳ ದೊಡ್ಡದಲ್ಲ.

ಮನಸ್ಸಿನ ಏಕಾಗ್ರತೆ ಬೇಡ ಎನ್ನುತ್ತಿಲ್ಲ. ಆದರೆ ಸೋತವರಿಗೆಲ್ಲ 'ಗಮನ ಸಾಲದು' ಎಂದು ಹೇಳಿ ಕಳಿಸುವುದು ಸುಲಭ, ಅದರಲ್ಲಿ ಯಾರಿಗೂ ಖರ್ಚಿಲ್ಲ. ಪರೀಕ್ಷೆ, ಸಂದರ್ಶನಗಳಲ್ಲೂ ನಾವು ಇದೇ ಮಾತು ಕೇಳುತ್ತೇವಲ್ಲವೇ? ಮುಂದಿನ ಆಯ್ಕೆಗೆ ನಾನು ಮತ್ತೆ ಹೋಗುತ್ತಿದ್ದೇನೆ. ಸೋತರೆ ತಪ್ಪು ನನ್ನದೇ ಇರಬಹುದು. ಆದರೆ ಒಪ್ಪಿಕೊಳ್ಳುವ ಮೊದಲು ಬಿಳಿ ಗೆರೆಯನ್ನೊಮ್ಮೆ ನೋಡುತ್ತೇನೆ.