ಕಡಲ ಕಾವಲು: ಕಣ್ಣು ಯಂತ್ರದ್ದು, ಹೊಣೆ ಮನುಷ್ಯನದು

ಕಡಲ ಭದ್ರತೆ ಎಂದೊಡನೆ ನಮಗೆ ನೆನಪಾಗುವುದು 2008ರ ನವೆಂಬರ್ 26. ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿ ಬಂದ ಉಗ್ರರನ್ನು ಮುಂಬೈ ತೀರದವರೆಗೂ ಯಾವ ಗಸ್ತು ಪಡೆಯೂ ತಡೆಯಲಿಲ್ಲ. ಆದರೆ ಕಡಲಿನಲ್ಲಿ ನಿತ್ಯ ನಡೆಯುವ ಕಾನೂನು ಉಲ್ಲಂಘನೆ ಇಷ್ಟು ನಾಟಕೀಯವಾದುದಲ್ಲ. ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ ಬೆಳಕು ಮೀನುಗಾರಿಕೆ ಮತ್ತು ಬುಲ್ ಟ್ರಾಲಿಂಗ್, ಮಳೆಗಾಲದ 61 ದಿನಗಳ ನಿಷೇಧದ ಅವಧಿಯಲ್ಲಿ ಕದ್ದು ಬೀಸುವ ಬಲೆ, ಇವು ಸದ್ದಿಲ್ಲದೆ ಮತ್ಸ್ಯಸಂಪತ್ತನ್ನು ಬರಿದು ಮಾಡುತ್ತವೆ. ಪ್ರಖರ ದೀಪಕ್ಕೆ ಮರಿಮೀನುಗಳೂ ಮುತ್ತುತ್ತವೆ, ನಷ್ಟ ನಾಡದೋಣಿಯವನದು.

ನಮ್ಮ ನೌಕಾಪಡೆ 2020ರಲ್ಲಿ ಎರಡು ಮಾನವರಹಿತ ವಿಮಾನಗಳನ್ನು ಗುತ್ತಿಗೆಗೆ ಪಡೆಯಿತು. 2024ರ ಅಕ್ಟೋಬರ್‌ನಲ್ಲಿ ಅಂತಹ 31 ವಿಮಾನಗಳ ಖರೀದಿಗೆ ಅಮೆರಿಕದೊಂದಿಗೆ ಒಪ್ಪಂದವಾಯಿತು. ಅವುಗಳಲ್ಲಿ 15 ನೌಕಾಪಡೆಗೆ ಮೀಸಲು. ಅವು ದೇಶರಕ್ಷಣೆಯ ಸಾಧನಗಳು. ನನ್ನ ಪ್ರಶ್ನೆ ಬೇರೆ: ಕರಾವಳಿ ಪೊಲೀಸರು ಮತ್ತು ಮೀನುಗಾರಿಕೆ ಇಲಾಖೆಯವರು ದಿನನಿತ್ಯದ ಕಾನೂನು ಪಾಲನೆಗೆ ಸಣ್ಣ ಮಾನವರಹಿತ ಯಾನಗಳನ್ನು ಬಳಸಬೇಕೇ? ಬಳಸಬೇಕು ಎಂಬುದೇ ನನ್ನ ಅಭಿಪ್ರಾಯ.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರಲ್ಲಿಯೇ ವಾದಿಸಿದಂತೆ, ತಪ್ಪು ಮಾಡಹೊರಟವನು ದಂಡದ ಮೊತ್ತವನ್ನಷ್ಟೇ ಅಲ್ಲ, ಸಿಕ್ಕಿಬೀಳುವ ಸಂಭವವನ್ನೂ ಲೆಕ್ಕ ಹಾಕುತ್ತಾನೆ. ದಂಡ ಏರಿಸಲು ಒಂದು ಅಧಿಸೂಚನೆ ಸಾಕು. ಗಸ್ತು ಹೆಚ್ಚಿಸಲು ಡೀಸೆಲ್ ಬೇಕು, ಸಿಬ್ಬಂದಿ ಬೇಕು. ಹೀಗಾಗಿ ಸರ್ಕಾರಗಳು ಮೊದಲನೆಯದನ್ನೇ ಆರಿಸಿಕೊಳ್ಳುತ್ತವೆ. ಮಾನವರಹಿತ ಯಾನ ಕಾವಲಿನ ವೆಚ್ಚವನ್ನು ತಗ್ಗಿಸಬಲ್ಲದು. ಆದರೆ ಇದಕ್ಕೆ ಮೂರು ಷರತ್ತುಗಳು ಅಗತ್ಯ.

ಮೊದಲನೆಯದು, ಕಾನೂನಿನ ಸ್ಪಷ್ಟತೆ. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದದ 111ನೇ ವಿಧಿಯಂತೆ, ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ಸೂಚನೆ ಕೊಟ್ಟ ನಂತರವೇ ಹಡಗೊಂದನ್ನು ಬೆನ್ನಟ್ಟಬಹುದು. ಒಬ್ಬ ಅಧಿಕಾರಿಯ ನೇತೃತ್ವದಲ್ಲಿ ದೋಣಿ ಕಳುಹಿಸಿ ತಪಾಸಣೆ ನಡೆಸಬೇಕೆನ್ನುತ್ತದೆ 110ನೇ ವಿಧಿ. ಚಾಲಕನೇ ಇಲ್ಲದ ಯಾನ ಈ ನಿಯಮಗಳಿಗೆ ಹೇಗೆ ಹೊಂದುತ್ತದೆ? 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ ವ್ಯಾಪ್ತಿಯದು, ಅದರಾಚೆ ಕೇಂದ್ರದ್ದು. ಈ ಅದೃಶ್ಯ ಗಡಿಯನ್ನು ಯಾನ ಕ್ಷಣಾರ್ಧದಲ್ಲಿ ದಾಟುತ್ತದೆ. ಸೆರೆಹಿಡಿದ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. ಇವೆಲ್ಲಕ್ಕೂ ಲಿಖಿತ ನಿಯಮಾವಳಿ ರೂಪುಗೊಳ್ಳಬೇಕು.

ಎರಡನೆಯದು, ಈ ಯಾನಗಳು ಆಯುಧ ಹೊರಕೂಡದು. 2012ರಲ್ಲಿ ಕೇರಳದ ಕಡಲಿನಲ್ಲಿ ‘ಎನ್ರಿಕಾ ಲೆಕ್ಸಿ’ ಹಡಗಿನಲ್ಲಿದ್ದ ಇಟಲಿಯ ನೌಕಾ ಯೋಧರ ಗುಂಡಿಗೆ ಇಬ್ಬರು ಮೀನುಗಾರರು ಬಲಿಯಾದರು. ಅವರನ್ನು ಕಡಲ್ಗಳ್ಳರೆಂದು ಭಾವಿಸಿದ್ದೆವು ಎಂಬುದು ಯೋಧರ ಸಮರ್ಥನೆಯಾಗಿತ್ತು. ಸ್ಥಳದಲ್ಲೇ ಇದ್ದವರ ಕಣ್ಣು ಹೀಗೆ ಮೋಸಹೋಗಬಹುದಾದರೆ, ದೂರದ ಕೊಠಡಿಯ ಪರದೆಯನ್ನು ನಂಬಿ ಗುಂಡು ಹಾರಿಸುವ ಅಧಿಕಾರವನ್ನು ಯಾರಿಗೂ ಕೊಡಲಾಗದು.

ಮೂರನೆಯದು, ರಕ್ಷಣೆಯ ಹೊಣೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಕಣ್ಮರೆಯಾಯಿತು. ಅದರ ಅವಶೇಷವನ್ನು ನೌಕಾಪಡೆ ಮಾಲ್ವಣದ ಬಳಿ ಪತ್ತೆಹಚ್ಚಿದ್ದು 2019ರ ಮೇ ತಿಂಗಳಿನಲ್ಲಿ. ಆ ಕುಟುಂಬಗಳು ತಿಂಗಳುಗಟ್ಟಲೆ ಏನೂ ತಿಳಿಯದೆ ಕಾದವು. ತಪ್ಪಿತಸ್ಥ ದೋಣಿಯನ್ನು ಹುಡುಕುವ ಯಾನ ಆಪತ್ತಿನಲ್ಲಿರುವ ದೋಣಿಯನ್ನೂ ಹುಡುಕಬೇಕು. ಅದೇ ಅದರ ಮೊದಲ ಕರ್ತವ್ಯವಾಗಬೇಕು. ಆಗ ಮಾತ್ರ ಮೀನುಗಾರರು ಅದನ್ನು ಬೇಹುಗಾರನೆಂದು ಶಂಕಿಸದೆ ತಮ್ಮದೆಂದು ಒಪ್ಪಿಕೊಂಡಾರು.

ಕೊನೆಯದಾಗಿ, ಆಡಳಿತದಲ್ಲಿ ದೀರ್ಘಕಾಲ ಇದ್ದವನಾಗಿ ಒಂದು ಮಾತು. ಉಲ್ಲಂಘನೆ ಪತ್ತೆಯಾಗದಿರುವುದಷ್ಟೇ ನಮ್ಮ ಸಮಸ್ಯೆಯಲ್ಲ. ಪತ್ತೆಯಾದ ಮೇಲೆ ಪ್ರಭಾವಿಗಳಿಂದ ಒಂದು ದೂರವಾಣಿ ಕರೆ ಬರುತ್ತದೆ, ಕಡತ ಅಲ್ಲಿಗೇ ನಿಲ್ಲುತ್ತದೆ. ಯಾನ ಪತ್ತೆಹಚ್ಚಿದ ಪ್ರಕರಣಗಳೆಷ್ಟು, ಕ್ರಮ ಕೈಗೊಂಡವೆಷ್ಟು ಎಂಬುದನ್ನು ಪ್ರತಿ ತಿಂಗಳೂ ಬಂದರಿನ ಫಲಕದಲ್ಲಿ ಪ್ರಕಟಿಸಲಿ. ಈ ಪಾರದರ್ಶಕತೆ ಇಲ್ಲದಿದ್ದರೆ ನಾಡದೋಣಿಯವನಿಗೆ ದಂಡ, ದೊಡ್ಡ ದೋಣಿಯ ಮಾಲೀಕನಿಗೆ ವಿನಾಯಿತಿ ಎಂಬ ಹಳೆಯ ಪದ್ಧತಿ ಹೊಸ ಯಂತ್ರದ ನೆರವಿನಿಂದ ಇನ್ನಷ್ಟು ಗಟ್ಟಿಯಾದೀತು.