ಹನ್ನೆರಡು ಮನೆ, ಮೂರೇ ದಾರಿ

ಮಕ್ಕಳೇ, ಕಾಗದದ ಮೇಲೆ ಒಂದು ಗಡಿಯಾರ ಬರೆಯಿರಿ. 12ರಿಂದ ಹೊರಟು ಮೂರು ಮೂರು ಅಂಕಿ ಮುಂದಕ್ಕೆ ಹೋಗಿ: 3, 6, 9, ಮತ್ತೆ 12. ಈಗ 1ರಿಂದ: 4, 7, 10. ಆಮೇಲೆ 2ರಿಂದ: 5, 8, 11. ಇನ್ನು 3ರಿಂದ ಹೊರಡೋಣವೆಂದರೆ ಆ ದಾರಿಯಲ್ಲಿ ಆಗಲೇ ಹೋಗಿ ಬಂದಾಗಿದೆ! ಹೊರಡುವ ಜಾಗ ಹನ್ನೆರಡು, ದಾರಿ ಮಾತ್ರ ಮೂರೇ.

ಬ್ಯಾಂಜೊ ಕಲಿಯಲು ಕುಳಿತಿರುವ ನನಗೆ ಧೈರ್ಯ ಕೊಟ್ಟದ್ದು ಈ ಲೆಕ್ಕವೇ. ನಮ್ಮ ಕಡೆ ಬ್ಯಾಂಜೊ ಎಂದರೆ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್. ನಾನು ಹೇಳುತ್ತಿರುವುದು ಅಮೆರಿಕದ ಐದು ತಂತಿಯ ಬ್ಯಾಂಜೊ. ಆಫ್ರಿಕಾದಿಂದ ಗುಲಾಮರನ್ನಾಗಿ ಹೊತ್ತೊಯ್ದ ಜನ, ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯದಿಂದ ಬೆಳೆದುಬಂದದ್ದು ಅದು.

ಸಂಗೀತದಲ್ಲೂ ಸ್ವರಸ್ಥಾನಗಳು ಹನ್ನೆರಡೇ. ಷಡ್ಜದಿಂದ ಮೂರು ಮೂರು ಸ್ಥಾನ ಮೇಲಕ್ಕೆ ಹೋದರೆ ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಚತುಶ್ರುತಿ ಧೈವತ ಸಿಗುತ್ತವೆ. ಈ ನಾಲ್ಕನ್ನು ಒಂದಾದ ಮೇಲೊಂದು ಮೀಟಿದರೆ ಅದೇ ಡಿಮಿನಿಷ್ಡ್ ಆರ್ಪೆಜಿಯೊ. ಅದರಲ್ಲಿ ಪಂಚಮವಿಲ್ಲ, ಕಿವಿಗೆ ಕೂರಲು ಜಾಗವಿಲ್ಲ. ‘ಮುಂದೇನಾಯ್ತು?’ ಎಂದು ಕೇಳುವಂತೆ ಕಥೆ ನಿಲ್ಲಿಸುತ್ತಾರಲ್ಲ, ಹಾಗೆ. ಅದಕ್ಕೇ ಇದನ್ನು ಒಂದು ಸ್ವರಗುಂಪಿನಿಂದ ಇನ್ನೊಂದಕ್ಕೆ ದಾಟುವ ಸೇತುವೆಯಾಗಿ ಬಳಸುತ್ತಾರೆ.

ಬ್ಯಾಂಜೊವಿನ ನಾಲ್ಕನೆಯ ತಂತಿಯಲ್ಲಿ 1ನೇ ಮೆಟ್ಟಿಲು, ಮೂರನೆಯದರಲ್ಲಿ 2, ಎರಡನೆಯದರಲ್ಲಿ 1, ಮೊದಲನೆಯದರಲ್ಲಿ 4 ಒತ್ತಬೇಕು. ಐದನೆಯ ಗಿಡ್ಡ ತಂತಿಯನ್ನು ಮುಟ್ಟಬಾರದು. ಹೇಳುವುದು ಸುಲಭ. ಸಾಮಾನ್ಯ ಅಳತೆಯ ಬ್ಯಾಂಜೊದಲ್ಲಿ 1ರಿಂದ 4ನೇ ಮೆಟ್ಟಿಲಿಗೆ ಸುಮಾರು 10 ಸೆಂಟಿಮೀಟರ್. ಎಪ್ಪತ್ತು ದಾಟಿದ ನನ್ನ ಕಿರುಬೆರಳು ಅಲ್ಲಿಗೆ ಚಾಚುವುದಿಲ್ಲ. ಐದನೇ ತರಗತಿಯ ಮೊಮ್ಮಗಳದ್ದೂ ಎಟಕುವುದಿಲ್ಲ. ನನ್ನದು ಗಂಟು ಹಿಡಿದ ಬೆರಳು, ಅವಳದು ಇನ್ನೂ ಬೆಳೆಯಬೇಕಾದ ಬೆರಳು.

ಆಗ ಗಡಿಯಾರವನ್ನು ನೆನೆಯಬೇಕು. ಬೆರಳುಗಳ ಅದೇ ಜೋಡಣೆಯನ್ನು ಮೂರು ಮೆಟ್ಟಿಲು ಸರಿಸಿದರೂ ಬರುವುದು ಅವೇ ನಾಲ್ಕು ಸ್ವರ, ಸರದಿ ಮಾತ್ರ ಬೇರೆ. ಇನ್ನೂ ಮೂರು ಸರಿಸಿದರೂ ಅಷ್ಟೇ. ನಾಲ್ಕನೆಯ ತಂತಿಯ ಬೆರಳು 1, 4, 7, 10 ಎಂದು ನಡೆಯುತ್ತದೆ. ಮೇಲೆ ಹೋದಷ್ಟೂ ಮೆಟ್ಟಿಲುಗಳು ಹತ್ತಿರವಾಗುತ್ತವೆ. 7ರಿಂದ 10ಕ್ಕೆ ಸುಮಾರು 7 ಸೆಂಟಿಮೀಟರ್ ಮಾತ್ರ. ಅಲ್ಲಿ ನಮ್ಮಿಬ್ಬರ ಬೆರಳೂ ಎಟಕಿತು!

ಆದ್ದರಿಂದ ಅಜ್ಜ ಅಜ್ಜಿಯರೇ, ಕಲಿಯಲು ವಯಸ್ಸಾಯಿತೆಂದು ವಾದ್ಯವನ್ನು ಅಟ್ಟಕ್ಕೆ ಏರಿಸಬೇಡಿ. ಮೊದಲ ಮೆಟ್ಟಿಲಿನಿಂದಲೇ ಶುರು ಮಾಡಬೇಕೆಂಬ ಕಟ್ಟಳೆ ಇಲ್ಲ. ಕೈಗೆ ಎಟಕುವಲ್ಲಿ ಹಿಡಿಯಿರಿ. ದಿನಕ್ಕೆ ಹತ್ತು ನಿಮಿಷ, ನೋಟು ಎಣಿಸಿದಂತೆ ಒಂದೊಂದಾಗಿ, ಪ್ರತಿ ತಂತಿಯೂ ಸ್ಪಷ್ಟವಾಗಿ ಕೇಳುವಂತೆ ಮೀಟಿ. ವೇಗ ತಾನಾಗಿ ಬರುತ್ತದೆ.

ಮಕ್ಕಳೇ, ನಿಮಗೊಂದು ಕೆಲಸ. ಗಡಿಯಾರದಲ್ಲಿ ಮೂರರ ಬದಲು ನಾಲ್ಕು ನಾಲ್ಕು ಅಂಕಿ ಮುಂದಕ್ಕೆ ಹೋದರೆ ಎಷ್ಟು ದಾರಿ? ಲೆಕ್ಕ ಹಾಕಿ, ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ನುಡಿಸಿಯೂ ನೋಡಿ. ಉತ್ತರ ಮುಂದಿನ ವಾರ.